ಹನ್ನೆರಡು ಮುಖದ ಡಬ್ಬಿಯೊಳಗೆ ಇನ್ನೊಂದು ಡಬ್ಬಿ

2018ರ ಅಕ್ಟೋಬರ್‌ನಲ್ಲಿ ಇಂಟೆಲ್ ಕಂಪನಿ ಕೋರ್ ಐ9-9900ಕೆ ಎಂಬ ಪ್ರೊಸೆಸರನ್ನು ಹೊರತಂದಾಗ ಎಲ್ಲರ ಕಣ್ಣು ಬಿದ್ದದ್ದು ಅದರ ಡಬ್ಬಿಯ ಮೇಲೆ. ಹನ್ನೆರಡು ಪಂಚಭುಜಗಳನ್ನು ಅಂಚಿಗೆ ಅಂಚು ಕೂಡಿಸಿದ ನೀಲಿ ಪ್ಲಾಸ್ಟಿಕ್ ಡಬ್ಬಿ ಅದು. ಮೇಜಿನ ಮೇಲಿಟ್ಟರೆ ದೊಡ್ಡದೊಂದು ಹರಳಿನಂತೆ ಕಾಣುತ್ತಿತ್ತು. ಆ ಸಲ ಒಳಗೂ ಒಂದು ಬದಲಾವಣೆಯಾಗಿತ್ತು. ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. 2012ರಿಂದ ಇಂಟೆಲ್ ತನ್ನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಸಿಲಿಕಾನ್ ಮತ್ತು ಲೋಹದ ಮುಚ್ಚಳದ ನಡುವೆ ಒಂದು ಬಗೆಯ ಪೇಸ್ಟ್ ಸವರುತ್ತಿತ್ತು. ಶಾಖ ಸರಿಯಾಗಿ ಹೊರಹೋಗುತ್ತಿಲ್ಲವೆಂದು ಉತ್ಸಾಹಿಗಳು ಮುಚ್ಚಳವನ್ನೇ ಎಬ್ಬಿಸಿ, ಪೇಸ್ಟ್ ಒರೆಸಿ, ದ್ರವರೂಪದ ಲೋಹ ಸವರಿಕೊಳ್ಳುತ್ತಿದ್ದರು. ಕೈ ಜಾರಿದರೆ ಪ್ರೊಸೆಸರ್ ಹೋದಂತೆಯೇ. 9900ಕೆಯಲ್ಲಿ ಪೇಸ್ಟಿನ ಜಾಗಕ್ಕೆ ಲೋಹದ ಬೆಸುಗೆ ಮರಳಿ ಬಂತು.

ಅಂಗಡಿಯ ಡಬ್ಬಿಯನ್ನು ಪಕ್ಕಕ್ಕಿಟ್ಟ ಮೇಲೂ ಚಿಪ್ ಬರಿಮೈಯಲ್ಲಿರುವುದಿಲ್ಲ. ಪ್ರೊಸೆಸರ್ ಎಂದು ನಾವು ಕೈಯಲ್ಲಿ ಹಿಡಿಯುವ ವಸ್ತುವಿನ ಬಹುಪಾಲು ಪ್ಯಾಕೇಜೇ, ಅಂದರೆ ಚಿಪ್ಪಿನ ಹೊದಿಕೆಯೇ, ಆಗಿರುತ್ತದೆ. ಮೇಲೆ ಕಾಣುವ ಬೆಳ್ಳಿ ಬಣ್ಣದ ಮುಚ್ಚಳ ನಿಕಲ್ ಲೇಪಿಸಿದ ತಾಮ್ರ. ಅದರಡಿ ಹೆಬ್ಬೆರಳ ಉಗುರಿನಷ್ಟು ಸಿಲಿಕಾನ್ ಬಿಲ್ಲೆ. ಲೆಕ್ಕ ಮಾಡುವುದೆಲ್ಲ ಇದೊಂದೇ. ಬಿಲ್ಲೆಯ ಕೆಳಗೆ ತೆಳುವಾದ ಹಸಿರು ಹಲಗೆ. ಮಗುಚಿ ನೋಡಿದರೆ ಅದರ ಬೆನ್ನ ಮೇಲೆ ಚಿನ್ನ ಲೇಪಿಸಿದ 1151 ಚುಕ್ಕೆಗಳು.

ಸಿಲಿಕಾನ್ ಒಳಗಿನ ಅತಿ ಸಣ್ಣ ತಂತಿಗಳ ಅಗಲವನ್ನು ನ್ಯಾನೊಮೀಟರ್‌ಗಳಲ್ಲಿ ಅಳೆಯುತ್ತಾರೆ. ಮದರ್‌ಬೋರ್ಡಿನ ತಂತಿಗಳು ಅವಕ್ಕಿಂತ ಸಾವಿರಾರು ಪಟ್ಟು ಅಗಲ. ಇವೆರಡನ್ನು ನೇರವಾಗಿ ಜೋಡಿಸಲಾಗದು. ಹಸಿರು ಹಲಗೆಯ ಪದರಗಳಲ್ಲಿ ತಾಮ್ರದ ಗೆರೆಗಳು ಕೆಳಗಿಳಿಯುತ್ತಾ ಹರಡಿಕೊಂಡು ಈ ಅಂತರವನ್ನು ತುಂಬುತ್ತವೆ. ಆ ಪದರಗಳನ್ನು ಒಂದರಿಂದೊಂದು ಬೇರ್ಪಡಿಸುವ ನಿರೋಧಕ ಹಾಳೆ ಹೆಚ್ಚಾಗಿ ಬರುವುದು ಅಜಿನೊಮೊಟೊ ಕಂಪನಿಯಿಂದ. ಹೌದು, ರುಚಿಯ ಪುಡಿಗೆ ಹೆಸರಾದ ಅದೇ ಜಪಾನಿ ಕಂಪನಿ. ಅಮೈನೊ ಆಮ್ಲಗಳ ರಸಾಯನದಲ್ಲಿ ಪಳಗಿದ ಅದರ ತಜ್ಞರು 1990ರ ದಶಕದ ಕೊನೆಯಲ್ಲಿ ಈ ಹಾಳೆಯನ್ನು ರೂಪಿಸಿದರು.

ಹಿಂದೆ ಇಷ್ಟೆಲ್ಲ ಬೇಕಿರಲಿಲ್ಲ. 1971ರ ಇಂಟೆಲ್ 4004ರಲ್ಲಿ ಸುಮಾರು 2300 ಟ್ರಾನ್ಸಿಸ್ಟರ್‌ಗಳು, ಹೊರಜಗತ್ತಿಗೆ 16 ಕಾಲುಗಳು. ಬಿಲ್ಲೆಯ ಅಂಚಿನಿಂದ ಕೂದಲೆಳೆಯಂಥ ತಂತಿಗಳನ್ನು ಆ ಕಾಲುಗಳಿಗೆ ಜೋಡಿಸಿದರೆ ಮುಗಿಯಿತು. ಸಂಪರ್ಕಗಳು ನೂರಾರು, ಸಾವಿರಾರು ಆಗುತ್ತಾ ಹೋದಂತೆ ಅಂಚಿನಲ್ಲಿ ಜಾಗ ಸಾಲದಾಯಿತು. ಇದಕ್ಕೆ ಪರಿಹಾರ ಐಬಿಎಂನಲ್ಲಿ 1960ರ ದಶಕದಲ್ಲೇ ಸಿದ್ಧವಾಗಿತ್ತು. ಬಿಲ್ಲೆಯ ಮುಖದ ತುಂಬ ಬೆಸುಗೆಯ ಪುಟ್ಟ ಹನಿಗಳನ್ನು ಕೂರಿಸಿ, ಅದನ್ನು ಬೋರಲು ಹಾಕಿ ಬಿಸಿ ಮಾಡುವುದು. ಇಲ್ಲೊಂದು ಸೊಗಸಿದೆ. ಬಿಲ್ಲೆಯನ್ನು ಇಡುವಾಗ ಅದು ತುಸು ಅತ್ತಿತ್ತ ಸರಿದಿದ್ದರೂ ಚಿಂತೆಯಿಲ್ಲ. ಹನಿಗಳು ಕರಗಿದಾಗ ಅವುಗಳ ಮೇಲ್ಮೈ ಎಳೆತವೇ ಬಿಲ್ಲೆಯನ್ನು ಎಳೆದು ತನ್ನ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಫ್ಲಿಪ್ ಚಿಪ್ ಎಂದು ಕರೆಯುವ ಈ ವಿಧಾನವಿಲ್ಲದೆ ಇಂದಿನ ಯಾವ ದೊಡ್ಡ ಪ್ರೊಸೆಸರೂ ಇಲ್ಲ.

ಮುಂದಿನ ತೊಡಕು ಶಾಖದ್ದು. ಪ್ರತಿ ಡಿಗ್ರಿ ಬಿಸಿಗೆ ಸಿಲಿಕಾನ್ ಹತ್ತು ಲಕ್ಷದಲ್ಲಿ ಸುಮಾರು 2.6 ಭಾಗದಷ್ಟು ಹಿಗ್ಗಿದರೆ, ತಾಮ್ರ ಸುಮಾರು 17 ಭಾಗ ಹಿಗ್ಗುತ್ತದೆ. ಕೆಳಗಿನ ಹಲಗೆಯ ಹಿಗ್ಗುವಿಕೆಯೂ ಸಿಲಿಕಾನ್‌ಗಿಂತ ಬಹಳ ಹೆಚ್ಚು. ಕಂಪ್ಯೂಟರ್ ಬಿಸಿಯೇರಿ ತಣಿದಾಗಲೆಲ್ಲ ಬೆಸುಗೆಯ ಹನಿಗಳನ್ನು ಮೇಲಿನ ಬಿಲ್ಲೆ ಒಂದಷ್ಟು, ಕೆಳಗಿನ ಹಲಗೆ ಇನ್ನಷ್ಟು ಜಗ್ಗುತ್ತವೆ. ಹನಿಗಳು ಬಳಲಿ ಬಿರುಕು ಬಿಡದಿರಲೆಂದು ಅವುಗಳ ನಡುವಿನ ಸಂದಿಗಳಿಗೆ ಎಪಾಕ್ಸಿ ಅಂಟು ಹರಿಸುತ್ತಾರೆ. ಆಗ ಎಳೆತ ಎಲ್ಲ ಕಡೆ ಹಂಚಿಹೋಗುತ್ತದೆ. ಬಿಲ್ಲೆಯ ಮೇಲ್ಗಡೆ, ಮುಚ್ಚಳಕ್ಕೆ ತಾಗುವ ಕಡೆ, ಇಂಡಿಯಂ ಎಂಬ ಲೋಹ ಬರುತ್ತದೆ. ಉಗುರಿನಿಂದ ಗೀರಬಹುದಾದಷ್ಟು ಮೆದು, ಸುಮಾರು 157 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಪೇಸ್ಟಿಗಿಂತ ಎಷ್ಟೋ ಪಾಲು ಚೆನ್ನಾಗಿ ಶಾಖ ದಾಟಿಸುತ್ತದೆ, ತಾಮ್ರ ಹಿಗ್ಗಿದಾಗ ತಾನೂ ಬಾಗಿಕೊಡುತ್ತದೆ. ಬರಿಯ ಸಿಲಿಕಾನ್‌ಗೆ ಮಾತ್ರ ಅದು ಹಿಡಿದುಕೊಳ್ಳದು, ಹಾಗಾಗಿ ಬಿಲ್ಲೆಯ ಬೆನ್ನಿಗೆ ಮೊದಲು ಲೋಹಗಳ ತೆಳು ಲೇಪ ಕೊಡಬೇಕು, ಕೊನೆಯ ಪದರ ಚಿನ್ನದ್ದು. ಬೆಸುಗೆ ದುಬಾರಿಯಾಗುವುದಕ್ಕೆ ಇದೂ ಒಂದು ಕಾರಣ. ಆದರೂ ಉನ್ನತ ದರ್ಜೆಯ ಪ್ರೊಸೆಸರಿನಲ್ಲಿ ಈ ಖರ್ಚನ್ನು ಉಳಿಸಬಾರದೆಂದೇ ನನ್ನ ನಂಬಿಕೆ.

ಕಾಯಬೇಕಾದ ಪ್ಯಾಕೇಜೇ ಚಿಪ್ಪಿಗೆ ಕೇಡು ತಂದ ಪ್ರಸಂಗವೂ ಉಂಟು. 1970ರ ದಶಕದಲ್ಲಿ ಇಂಟೆಲ್‌ನ ಮೆಮೊರಿ ಚಿಪ್‌ಗಳು ಆಗೊಮ್ಮೆ ಈಗೊಮ್ಮೆ ಒಂದು ಬಿಟ್ ತಪ್ಪುತ್ತಿದ್ದವು. ಪರೀಕ್ಷಿಸಿದರೆ ಚಿಪ್‌ನಲ್ಲಿ ಯಾವ ಹಾನಿಯೂ ಕಾಣದು. ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ಕಾರಣ ಹುಡುಕಿ 1978ರಲ್ಲಿ ಪ್ರಕಟಿಸಿದರು: ಪಿಂಗಾಣಿಯ ಪ್ಯಾಕೇಜಿನಲ್ಲಿ ಲವಲೇಶ ಬೆರೆತಿದ್ದ ಯುರೇನಿಯಂ, ಥೋರಿಯಂ. ಅವು ಹೊರಸೂಸುವ ಆಲ್ಫಾ ಕಣವೊಂದು ಸಿಲಿಕಾನ್ ಹೊಕ್ಕು, ಅಲ್ಲಿ ವಿದ್ಯುದಾವೇಶ ಚೆಲ್ಲಿ, ಒಂದನ್ನು ಸೊನ್ನೆಯಾಗಿಸುತ್ತಿತ್ತು. ಅಂದಿನಿಂದ ಪ್ಯಾಕೇಜಿಗೆ ಬಳಸುವ ವಸ್ತುಗಳಲ್ಲಿ ಆಲ್ಫಾ ಕಣಗಳ ಪ್ರಮಾಣವನ್ನೂ ಅಳೆದು ನೋಡುತ್ತಾರೆ.

ಈಗ ಪ್ಯಾಕೇಜಿನ ಕೆಲಸ ಇನ್ನೂ ಹೆಚ್ಚಿದೆ. ಚಿಪ್ ಮುದ್ರಿಸುವ ಯಂತ್ರ ಒಂದೇಟಿಗೆ ಮುದ್ರಿಸಬಲ್ಲ ಅತಿ ದೊಡ್ಡ ಚೌಕಟ್ಟು 26 ಮಿ.ಮೀ. ಉದ್ದ, 33 ಮಿ.ಮೀ. ಅಗಲ. ಅಷ್ಟು ದೊಡ್ಡ ಬಿಲ್ಲೆಯಲ್ಲಿ ಎಲ್ಲಾದರೂ ಒಂದು ದೋಷ ಬೀಳುವ ಸಂಭವವೂ ಹೆಚ್ಚು. ದೊಡ್ಡ ವ್ಯವಸ್ಥೆಗಳನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಮಾಡಿ ಜೋಡಿಸುವುದೇ ಅಗ್ಗವಾಗಬಹುದೆಂದು ಮುಂದೆ ಇಂಟೆಲ್ ಕಟ್ಟಿದವರಲ್ಲೊಬ್ಬರಾದ ಗೋರ್ಡನ್ ಮೂರ್ 1965ರ ತಮ್ಮ ಪ್ರಸಿದ್ಧ ಲೇಖನದಲ್ಲೇ ಹೇಳಿದ್ದರು. 1995ರ ಪೆಂಟಿಯಂ ಪ್ರೊ ಒಂದೇ ಪಿಂಗಾಣಿ ಪ್ಯಾಕೇಜಿನಲ್ಲಿ ಪ್ರೊಸೆಸರ್ ಬಿಲ್ಲೆಯನ್ನೂ ಅದಕ್ಕೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಹತ್ತಿರವೇ ಇಟ್ಟುಕೊಳ್ಳುವ ಕ್ಯಾಶ್ ಮೆಮೊರಿ ಬಿಲ್ಲೆಯನ್ನೂ ಕೂರಿಸಿತ್ತು. ಜೋಡಿಸಿದ ಮೇಲೆ ಒಂದರಲ್ಲಿ ದೋಷ ಕಂಡರೆ ಎರಡೂ ಕಸಕ್ಕೆ ಹೋಗುತ್ತಿದ್ದವು. 2019ರಲ್ಲಿ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಎಪಿಕ್ ಪ್ರೊಸೆಸರ್ ಒಂಬತ್ತು ಬಿಲ್ಲೆಗಳವರೆಗೆ ಹೋಯಿತು: ನಡುವೆ 14 ನ್ಯಾನೊಮೀಟರ್ ತಂತ್ರಜ್ಞಾನದ ಒಂದು, ಸುತ್ತ 7 ನ್ಯಾನೊಮೀಟರಿನ ಎಂಟು. ಎಲ್ಲ ಸೇರಿ 64 ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು.

ಅಕ್ಕಪಕ್ಕ ಜೋಡಿಸಿದ್ದಾಯಿತು, ಉಳಿದದ್ದು ಒಂದರ ಮೇಲೊಂದು ಪೇರಿಸುವುದು. 2022ರಲ್ಲಿ ಎಎಂಡಿ ತನ್ನ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರಿನಲ್ಲಿ 64 ಮೆಗಾಬೈಟ್ ಕ್ಯಾಶ್ ಬಿಲ್ಲೆಯನ್ನು ಮೇಲಿಟ್ಟಿತು. ಇಲ್ಲಿ ಬೆಸುಗೆಯ ಹನಿಯೇ ಇಲ್ಲ. ಎರಡೂ ಬಿಲ್ಲೆಗಳ ತಾಮ್ರದ ಬಿಂದುಗಳು 9 ಮೈಕ್ರೋಮೀಟರ್ ಅಂತರದಲ್ಲಿ ನೇರವಾಗಿ ಒಂದಕ್ಕೊಂದು ಕೂಡಿಕೊಂಡಿವೆ. ಆಟಗಳ ವೇಗ ಚೆನ್ನಾಗಿ ಏರಿತು. ಆದರೆ ಕೋರ್‌ಗಳ ಮೇಲೆ ಮಟ್ಟ ಸರಿದೂಗಿಸಲು ಹೊದಿಸಿದ ಖಾಲಿ ಸಿಲಿಕಾನ್ ಶಾಖಕ್ಕೆ ಅಡ್ಡವಾಯಿತು. ಗರಿಷ್ಠ ವೇಗವೂ ಕ್ಯಾಶ್ ಪೇರಿಸದ 5800ಎಕ್ಸ್‌ನ 4.7 ಗಿಗಾಹರ್ಟ್ಸ್‌ನಿಂದ 4.5ಕ್ಕೆ ಇಳಿಯಿತು. 2024ರ 9800ಎಕ್ಸ್3ಡಿಯಲ್ಲಿ ಅವರು ಕ್ಯಾಶನ್ನು ಕೋರ್‌ಗಳ ಅಡಿಗೆ ಸರಿಸಿದರು. ಬಿಸಿಯಾಗುವ ಕೋರ್‌ಗಳು ಈಗ ಮತ್ತೆ ಬೆಸುಗೆಗೆ, ಅದರ ಮೂಲಕ ತಾಮ್ರದ ಮುಚ್ಚಳಕ್ಕೆ, ಹತ್ತಿರವಾಗಿವೆ.