ಉಬ್ಬರ ರೇಖೆ: ಟೇಪು ಹಿಡಿಯುವುದು ಎಲ್ಲಿಂದ?

ಜೂನ್ ತಿಂಗಳಲ್ಲಿ ಕಡಲು ಏರಿತೆಂದರೆ ಸುದ್ದಿಗಳಲ್ಲಿ ಇಂಥದೊಂದು ವಾಕ್ಯ ತಪ್ಪದೆ ಬರುತ್ತದೆ: ‘ಕಡಲಬ್ಬರಕ್ಕೆ ಉಬ್ಬರ ರೇಖೆ ರಸ್ತೆಯವರೆಗೂ ಬಂದಿದೆ.’ ಅದೇ ಊರಿನ ಮನೆ ಪರವಾನಗಿಯ ತಕರಾರು ವರದಿಯಾಗುವಾಗ ಅದೇ ರೇಖೆ ‘ಉಬ್ಬರವಿಳಿತ ರೇಖೆ’ ಆಗಿರುತ್ತದೆ. ಇನ್ನೊಂದು ಕಡೆ ರೇಖೆಯ ಹೆಸರೇ ಇಲ್ಲದೆ ‘ಸಮುದ್ರ ತೀರದಿಂದ 200 ಮೀಟರ್’ ಎಂದಿರುತ್ತದೆ. ಮೂರೂ ತಪ್ಪು, ಒಂದೊಂದೂ ಬೇರೆ ಬಗೆಯ ತಪ್ಪು. ಕರಾವಳಿಯಲ್ಲಿ ಯಾರು ಎಲ್ಲಿ ಮನೆ ಕಟ್ಟಬಹುದು, ಯಾವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಕಾನೂನಿನ ಕಾವಲಿದೆ ಎಂಬುದೆಲ್ಲ ದೊಡ್ಡ ಉಬ್ಬರದ ನೀರು ಮುಟ್ಟುವ ಈ ಒಂದು ರೇಖೆಯಿಂದ ಅಳೆದು ತೀರ್ಮಾನವಾಗುವುದರಿಂದ ಪದವನ್ನು ಇಷ್ಟು ಸಡಿಲವಾಗಿ ಬಳಸುವುದನ್ನು ನೋಡಿಕೊಂಡು ಸುಮ್ಮನಿರುವುದು ಕಷ್ಟ.

ಮೊದಲು ಅಬ್ಬರ ಮತ್ತು ಉಬ್ಬರ. ಅಬ್ಬರ ಎಂದರೆ ಆರ್ಭಟ, ಗದ್ದಲ. ಅಬ್ಬರಿಸು ಎಂಬ ಕ್ರಿಯಾಪದ ಇಂದಿಗೂ ಬಳಕೆಯಲ್ಲಿದೆ. ಉಬ್ಬರ ಹುಟ್ಟಿದ್ದು ಉಬ್ಬು ಎಂಬ ಧಾತುವಿನಿಂದ. ಹಿಟ್ಟು ಉಬ್ಬುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಕಡಲು ಉಬ್ಬುತ್ತದೆ. ಇವುಗಳಲ್ಲಿ ಯಾವುದಕ್ಕೂ ಸದ್ದು ಬೇಕಿಲ್ಲ. ಕರಾವಳಿಯ ಮೀನುಗಾರರ ಬಾಯಲ್ಲಿ ಇದಕ್ಕೆ ಭರತ ಎಂಬ ಹೆಸರೂ ಇದೆ. ಅದು ಮರಾಠಿ, ಕೊಂಕಣಿಗಳ ಭರತಿಯ ಒಡಹುಟ್ಟು. ಉಬ್ಬರ ಎಂಬುದು ನೀರು ಉಬ್ಬುವುದನ್ನು ಹೇಳಿದರೆ ಭರತ ಎಂಬುದು ಹೊಳೆ, ತೋಡು, ಉಪ್ಪುನೀರು ಬರುವ ಗಜನಿ ಗದ್ದೆಗಳು ತುಂಬುವುದನ್ನು ಹೇಳುತ್ತದೆ. ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ನಿಂತು ನೋಡಿದವರಿಗೆ ಎರಡೂ ಸರಿಯೆನಿಸುತ್ತದೆ.

ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಬರುವ ಉಬ್ಬರಕ್ಕೆ ಗಾಳಿಯ ಹಂಗಿಲ್ಲ. ಡಿಸೆಂಬರಿನ ಹುಣ್ಣಿಮೆಯ ರಾತ್ರಿ ಒಂದು ಎಲೆಯೂ ಅಲುಗದಿದ್ದರೂ ನೀರು ತನ್ನ ಪಾಡಿಗೆ ತೋಡಿನಲ್ಲಿ ಮೇಲೇರಿ ಕಾಂಡ್ಲಾದ ಬೇರುಗಳನ್ನು ಮುಳುಗಿಸುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ 12 ಗಂಟೆ 25 ನಿಮಿಷ. ಮುಂದಿನ ವರ್ಷದ ಉಬ್ಬರದ ವೇಳಾಪಟ್ಟಿಯನ್ನು ಇವತ್ತೇ ಮುದ್ರಿಸಬಹುದು, ಮುದ್ರಿಸುತ್ತಾರೆ ಕೂಡ. ಅಬ್ಬರದ ವೇಳಾಪಟ್ಟಿಯನ್ನು ಹಾಗೆ ಮುದ್ರಿಸಲಾಗದು. ಅದು ನೈಋತ್ಯ ಮಾರುತದ ಗಾಳಿಯಿಂದ, ಅರಬ್ಬಿ ಸಮುದ್ರದ ಚಂಡಮಾರುತಗಳಿಂದ ಎದ್ದ ಅಲೆಗಳ ಹೊಡೆತ. ಮಳೆಗಾಲದ ಅಮಾವಾಸ್ಯೆಯಂದು ಇವೆರಡೂ ಒಟ್ಟಿಗೆ ಬಂದಾಗ ತೆಂಗಿನ ಮರಗಳು ಉರುಳುತ್ತವೆ, ಮನೆಯ ಹಿತ್ತಿಲು ಕುಸಿಯುತ್ತದೆ. ಪದಗಳು ಕಲಸಿಹೋದದ್ದೂ ಈ ಜೊತೆಯಾಟದಿಂದಲೇ ಇರಬೇಕು.

ಕಾನೂನಿನಲ್ಲಿ ಉಬ್ಬರ ರೇಖೆ ಎಂದರೆ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ಅತಿ ಎತ್ತರಕ್ಕೆ ಮುಟ್ಟುವ ಗೆರೆ. ಅದೇ ದಿನಗಳಲ್ಲಿ ನೀರು ಅತಿ ಕೆಳಕ್ಕೆ ಜಾರಿದಾಗಿನ ಗೆರೆ ಇಳಿತ ರೇಖೆ. ಇವೆರಡರ ನಡುವಿನ ಪಟ್ಟಿಗೆ ಕರಾವಳಿ ನಿಯಂತ್ರಣ ವಲಯದಲ್ಲಿ, ಅಂದರೆ ಸಿಆರ್‌ಝಡ್‌ನಲ್ಲಿ, 1ಬಿ ಎಂಬ ಪ್ರತ್ಯೇಕ ವರ್ಗವೇ ಇದೆ. ಹೀಗಿರುವಾಗ ‘ಉಬ್ಬರವಿಳಿತ ರೇಖೆಯಿಂದ 50 ಮೀಟರ್’ ಎಂದು ನೋಟಿಸಿನಲ್ಲಿ ಬರೆದರೆ ಯಾವ ರೇಖೆಯಿಂದ? 30 ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಮರಳಿನ ದಂಡೆಯಲ್ಲಿ ನೀರು ಒಂದೂವರೆ ಮೀಟರ್ ಏರಿಳಿದರೆ ಎರಡು ರೇಖೆಗಳ ನಡುವೆ 45 ಮೀಟರ್ ಅಂತರ ಬೀಳುತ್ತದೆ. ಇಳಿತದ ಹೊತ್ತಿನಲ್ಲಿ ನೀರಿನ ಅಂಚಿಗೆ ಟೇಪು ಹಿಡಿದು ‘200 ಮೀಟರ್ ಬಿಟ್ಟಿದ್ದೇನೆ’ ಎನ್ನುವವರು ನಿಜಕ್ಕೂ ಬಿಟ್ಟದ್ದು 155 ಮೀಟರ್.

ಈ ರೇಖೆಯನ್ನು ನಾವು, ನೀವು, ಪಂಚಾಯಿತಿಯವರು ನಿಂತಲ್ಲೇ ಎಳೆಯುವಂತಿಲ್ಲ. ಕೇಂದ್ರದ 2019ರ ಸಿಆರ್‌ಝಡ್ ಅಧಿಸೂಚನೆಯ ಪ್ರಕಾರ ಅದನ್ನು ಗುರುತಿಸುವುದು ಚೆನ್ನೈನಲ್ಲಿರುವ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ. ಮರಳಿನ ದಂಡೆಯಲ್ಲಿ ಅಲೆಗಳು ಕೂಡಿಹಾಕಿದ ಮರಳಿನ ಏಣು, ಕಲ್ಲಿನ ತೀರದಲ್ಲಿ ಬಂಡೆಯ ಮುಖ, ಗೋಡೆ ಕಟ್ಟಿದಲ್ಲಿ ಗೋಡೆ, ಹೀಗೆ ನೆಲದ ಗುರುತುಗಳನ್ನೂ ನೋಡಿ ರೇಖೆಯನ್ನು ನಕ್ಷೆಗೆ ಇಳಿಸುತ್ತಾರೆ. ಆ ಮರಳಿನ ಏಣನ್ನು ಕಟ್ಟಿದ್ದು ಮಳೆಗಾಲದ ಅಲೆಗಳೇ ಆದ್ದರಿಂದ ರೇಖೆಯಲ್ಲಿ ಅಬ್ಬರದ ಪಾಲೂ ಒಂದಿಷ್ಟಿದೆ ಎನ್ನಬಹುದು. ಆದರೆ ಒಂದು ರಾತ್ರಿ ಅಲೆ ರಸ್ತೆಗೆ ನುಗ್ಗಿ ಹಿಂದಿರುಗಿದ ಮಾತ್ರಕ್ಕೆ ಅಂಗೀಕೃತ ನಕ್ಷೆಯ ರೇಖೆ ಒಂದಂಗುಲವೂ ಸರಿಯುವುದಿಲ್ಲ.

ಇನ್ನು ‘ಸಮುದ್ರ ತೀರದಿಂದ’ ಎಂಬ ಮಾತು. ಕಡಲನ್ನೇ ನೋಡುತ್ತ ನಿಂತವರಿಗೆ ಬೆನ್ನ ಹಿಂದಿನ ಹೊಳೆ ಕಾಣುವುದಿಲ್ಲ. ಸಿಆರ್‌ಝಡ್ ಕಡಲ ಬದಿಯಲ್ಲಿ ಉಬ್ಬರ ರೇಖೆಯಿಂದ 500 ಮೀಟರ್ ಒಳಗೆ ಬರುತ್ತದೆಂಬುದು ಎಲ್ಲರಿಗೂ ಬಾಯಿಪಾಠ. ಉಬ್ಬರದ ನೀರು ಏರುವ ಪ್ರತಿಯೊಂದು ಹೊಳೆ, ತೋಡು, ಅಳಿವೆಯ ಎರಡೂ ದಂಡೆಗಳಲ್ಲಿ ಅದು ಒಳನಾಡಿನ ಕಡೆಗೆ ಸಾಗುತ್ತದೆ ಎಂಬುದು ಅಷ್ಟಾಗಿ ಯಾರ ತಲೆಯಲ್ಲೂ ಇಲ್ಲ. ಎಲ್ಲಿಯವರೆಗೆ ಎಂದರೆ ವರ್ಷದ ಅತಿ ಒಣ ಕಾಲದಲ್ಲಿ ನೀರಿನ ಉಪ್ಪಿನಂಶ ಸಾವಿರದಲ್ಲಿ 5 ಪಾಲು ಇರುವವರೆಗೆ, ಅಂದರೆ ಲೀಟರಿಗೆ ಸುಮಾರು 5 ಗ್ರಾಂ. ಕಡಲ ನೀರಿನಲ್ಲಿ ಇದು 35ರ ಆಸುಪಾಸು. ಆಗಸ್ಟಿನಲ್ಲಿ ಹೊಳೆಗೆ ಇಳಿದು ‘ನೀರು ಸಿಹಿಯಾಗಿದೆ, ಇಲ್ಲಿಗೆ ಸಿಆರ್‌ಝಡ್ ಇಲ್ಲ’ ಎನ್ನುವ ವಾದಕ್ಕೆ ಅರ್ಥವಿಲ್ಲ. ಅಳೆಯಬೇಕಾದದ್ದು ಹೊಳೆ ಬತ್ತಿ ಉಪ್ಪು ಮೇಲೇರಿದ ಬೇಸಿಗೆಯ ಕೊನೆಯಲ್ಲಿ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ‘ಸಿಆರ್‌ಝಡ್ ಮರಳು’, ‘ನಾನ್ ಸಿಆರ್‌ಝಡ್ ಮರಳು’ ಎಂಬ ಮಾತು ದಿನಬಳಕೆಯದು. ಅದು ಮರಳಿನ ಜಾತಿಯ ಹೆಸರಲ್ಲ. ಹೊಳೆಯ ಯಾವ ಭಾಗದಿಂದ ತೆಗೆದದ್ದು ಎಂಬುದನ್ನಷ್ಟೇ ಅದು ಹೇಳುತ್ತದೆ. ಮರಳಿನ ವಿಷಯಕ್ಕೆ ಬಂದಾಗ ಹೊಳೆಯೂ ಸಿಆರ್‌ಝಡ್ ಎಂದು ಒಪ್ಪುವ ಊರು, ಹೊಳೆದಂಡೆಯಲ್ಲಿ ರೆಸಾರ್ಟ್ ಏಳುವಾಗ ಅದನ್ನು ಮರೆಯುತ್ತದೆ.

ಹೊಳೆಯ ಬದಿಯ ಅಗಲವೂ ಬೇರೆ. 2011ರ ಅಧಿಸೂಚನೆಯಲ್ಲಿ ಅದು 100 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. 2019ರಲ್ಲಿ ಆ 100 ಇಳಿದು 50 ಆಯಿತು. ‘ಯಾವುದು ಕಡಿಮೆಯೋ ಅಷ್ಟು’ ಎಂಬ ಮಾತನ್ನು ಬಿಟ್ಟು ಬರೆಯುವುದು ಇನ್ನೊಂದು ಚಾಳಿ. 12 ಮೀಟರ್ ಅಗಲದ ತೋಡಿನ ಪಕ್ಕದ ಮನೆಯವರಿಗೆ 50 ಮೀಟರ್ ಎಂದು ಹೆದರಿಸುವುದು ತಪ್ಪು, ಅವರಿಗೆ ಲೆಕ್ಕ 12 ಮೀಟರಿನದು. ಆದರೆ ಆ ಲೆಕ್ಕವೂ ತೋಡಿನ ನೀರಿನಿಂದ ಶುರುವಾಗುವುದಿಲ್ಲ. ತೋಡಿನ ಬದಿಯ ಕೆಸರು, ಕಾಂಡ್ಲಾ ಎಲ್ಲ ದಾಟಿ, ಉಬ್ಬರ ರೇಖೆಯಿಂದ ಶುರುವಾಗುತ್ತದೆ.

ಕರಾವಳಿಯ ಜೌಗು ನೆಲಕ್ಕೆ ಈ ರೇಖೆ ಬಿಟ್ಟರೆ ಬೇರೆ ಆಸರೆ ಕಡಿಮೆ. ದೇಶದ ಜೌಗುಭೂಮಿಗಳಿಗೆಂದು 2017ರಲ್ಲಿ ಪ್ರತ್ಯೇಕ ನಿಯಮಗಳು ಬಂದವು ನಿಜ, ಆದರೆ ಸಿಆರ್‌ಝಡ್ ವ್ಯಾಪ್ತಿಯ ಜೌಗನ್ನು ಅವು ಹೊರಗಿಟ್ಟಿವೆ. ಕಾಂಡ್ಲಾ, ಜೀವಿಗಳಿರುವ ಕೆಸರು ಬಯಲು, ಉಪ್ಪು ಜೌಗು, ಆಮೆಗಳು ಮೊಟ್ಟೆಯಿಡುವ ದಂಡೆ, ಇವೆಲ್ಲ 1ಎ ವರ್ಗದಲ್ಲಿವೆ. ಕಾಂಡ್ಲಾ 1,000 ಚದರ ಮೀಟರಿಗಿಂತ ಹೆಚ್ಚು ಹಬ್ಬಿದ್ದರೆ ಅದರ ಸುತ್ತ 50 ಮೀಟರ್ ಕಾಯ್ದಿಡಬೇಕು. ಕುಮಟಾದ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು; ಬಳಚು (ಚಿಪ್ಪುಜೀವಿ) ಹೆಕ್ಕುವ ಕೆಸರು ಬಯಲು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಎಲ್ಲ ಇರುವ ಜಾಗವದು. ಗಜನಿಗಳ ವಿಷಯದಲ್ಲಿ ಮಾತ್ರ ಇನ್ನೊಂದು ತೊಡಕಿದೆ: 1991ರ ಫೆಬ್ರುವರಿ 19ಕ್ಕಿಂತ ಮೊದಲೇ ಒಡ್ಡು ಅಥವಾ ನೀರು ಬಿಡುವ ಬಾಗಿಲು ಇದ್ದಲ್ಲಿ ಉಬ್ಬರ ರೇಖೆ ಆ ಒಡ್ಡಿಗೇ ನಿಲ್ಲುತ್ತದೆ. ಹಾಗಾಗಿ ಒಡ್ಡಿನ ವಯಸ್ಸು ಕೇಳದೆ ಗಜನಿಯನ್ನು ಒಳಗೆ ಅಥವಾ ಹೊರಗೆ ಎಂದು ತೀರ್ಪು ಕೊಡಲಾಗದು.

‘ಸಿಆರ್‌ಝಡ್ ಎಂದರೆ ಕಟ್ಟಬಾರದ ಜಾಗ’ ಎಂಬ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಅದು ನಿಯಂತ್ರಣ ವಲಯ. ನಿಷೇಧವಿರುವುದು ಮುಖ್ಯವಾಗಿ ಅದರೊಳಗಿನ ಅಭಿವೃದ್ಧಿ ನಿಷೇಧ ವಲಯದಲ್ಲಿ. ಗ್ರಾಮೀಣ ಪ್ರದೇಶದ ಕಡಲ ಬದಿಯಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದಲ್ಲಿ ಅದು 50 ಮೀಟರ್, ಉಳಿದೆಡೆ 200 ಮೀಟರ್. ಅಲ್ಲಿಯೂ ಮೊದಲೇ ಅಧಿಕೃತವಾಗಿ ಇದ್ದ ಮನೆಯನ್ನು ಅದರ ಅಳತೆ ಮೀರದಂತೆ ದುರಸ್ತಿ ಮಾಡಬಹುದು.

ಪಂಚಾಯಿತಿ ಈ ಕಥೆಯೊಳಗೆ ಬರುವುದು ಇಲ್ಲಿ. ‘ಸಿಆರ್‌ಝಡ್ ಕೇಂದ್ರದ ವಿಷಯ, ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರ ಗ್ರಾಮ ಪಂಚಾಯಿತಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಅಧಿಸೂಚನೆ ಕೇಂದ್ರದ್ದು, 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಹೊರಟದ್ದು, ನಿಜ. ಆದರೆ 300 ಚದರ ಮೀಟರ್‌ವರೆಗಿನ ವಾಸದ ಮನೆಗೆ ಒಪ್ಪಿಗೆ ಕೊಡುವ ಕೆಲಸವನ್ನು 2019ರ ಅಧಿಸೂಚನೆ ಸ್ಥಳೀಯ ಸಂಸ್ಥೆಗೇ ವಹಿಸಿದೆ; ಕೊಡುವ ಮೊದಲು ಸಿಆರ್‌ಝಡ್ ದೃಷ್ಟಿಯಿಂದ ಪರಿಶೀಲಿಸುವ ಹೊಣೆಯನ್ನೂ ಅದರ ಹೆಗಲಿಗೇ ಹಾಕಿದೆ. ಪರಿಶೀಲಿಸುವುದಕ್ಕೆ ಪಿಡಿಒ ಅವರ ಮೇಜಿನ ಮೇಲೆ ಸರಿಯಾದ ನಕ್ಷೆ ಬೇಕು. ರಾಜ್ಯದ ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆಗಳು 1:25,000 ಪ್ರಮಾಣದವು. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 25 ಮೀಟರ್, ಹೊಳೆಬದಿಯ 50 ಮೀಟರಿನ ಇಡೀ ಪಟ್ಟಿ ಎರಡು ಮಿಲಿಮೀಟರ್. ಪೆನ್ಸಿಲಿನ ಗೆರೆ ತುಸು ದಪ್ಪವಾದರೆ ಒಂದು ಅಂಗಳ ಪೂರ್ತಿ ಅದರಡಿ ಮುಚ್ಚಿಹೋಗುತ್ತದೆ. ಸರ್ವೆ ನಂಬರ್ ಕಾಣುವ 1:4,000ದ ಆಸುಪಾಸಿನ ನಕ್ಷೆಯಲ್ಲಿ ಅದೇ ಪಟ್ಟಿ ಹನ್ನೆರಡೂವರೆ ಮಿಲಿಮೀಟರ್ ಆಗುತ್ತದೆ, ಯಾರ ಜಾಗ ಒಳಗೆ, ಯಾರದು ಹೊರಗೆ ಎಂದು ಬೆರಳಿಟ್ಟು ತೋರಿಸಬಹುದು. ಗ್ರಾಮಸಭೆಯಲ್ಲಿ ಕೇಳಿ ತರಿಸಿಕೊಳ್ಳಬೇಕಾದದ್ದು ಈ ನಕ್ಷೆಯನ್ನು.

ಸ್ಥಳೀಯ ಸಂಸ್ಥೆ ಕಣ್ಣುಮುಚ್ಚಿ ಪರವಾನಗಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೊಚ್ಚಿಯ ಮರಡು ಸಾಕ್ಷಿ. ಅಲ್ಲಿ ಹಿನ್ನೀರಿನ ದಂಡೆಯ ಬಹುಮಹಡಿ ಕಟ್ಟಡಗಳಿಗೆ 2006ರಲ್ಲಿ ಪರವಾನಗಿ ಕೊಟ್ಟದ್ದು ಆಗಿನ ಮರಡು ಗ್ರಾಮ ಪಂಚಾಯಿತಿ, ಕೇರಳದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವನ್ನು ಕೇಳದೆ. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಅವುಗಳನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಸ್ಫೋಟಕಗಳಿಂದ ನೆಲಸಮವಾದವು. ಹಣ ಕೊಟ್ಟು ಮನೆ ಕೊಂಡವರು ಬೀದಿಗೆ ಬಂದರು. ಅವರಲ್ಲಿ ಬಹುತೇಕರಿಗೆ ಉಬ್ಬರ ರೇಖೆ ಎಂಬ ಪದ ಪರಿಚಯವಾದದ್ದೇ ಆ ತೀರ್ಪಿನ ನಂತರ ಇರಬೇಕು. ಆ ಜಾಗ ಕಡಲ ತೀರವಲ್ಲ, ಹಿನ್ನೀರಿನ ದಂಡೆ ಎಂಬುದನ್ನೂ ಗಮನಿಸಬೇಕು.

ಕಡಲ್ಕೊರೆತದ ಮಾತಿಗೆ ಬಂದರೆ ಕಾನೂನಿನಲ್ಲಿ ಇನ್ನೊಂದು ರೇಖೆಯೇ ಇದೆ, ಅಪಾಯ ರೇಖೆ. ನೀರಿನ ಮಟ್ಟದ ಏರಿಳಿತ, ಕಡಲ ಮಟ್ಟದ ಏರಿಕೆ, ತೀರದ ಸವೆತ ಅಥವಾ ಬೆಳವಣಿಗೆ, ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು ಭಾರತೀಯ ಸರ್ವೇಕ್ಷಣಾ ಇಲಾಖೆ ಅದನ್ನು ಗುರುತಿಸಿದೆ. ಅಲೆ ರಸ್ತೆಗೆ ಬಂದಾಗ ವರದಿಗಾರರು ಹೇಳಲು ಹೊರಟದ್ದು ಬಹುಶಃ ಇದರ ವಿಷಯ. ಆದರೆ 2019ರ ಅಧಿಸೂಚನೆಯಲ್ಲಿ ಅಪಾಯ ರೇಖೆ ವಿಪತ್ತು ನಿರ್ವಹಣೆಯ ಸಾಧನ ಮಾತ್ರ. ಕಟ್ಟಡದ ಪರವಾನಗಿಯನ್ನು ಅದು ತಡೆಯುವುದಿಲ್ಲ. ಉಬ್ಬರ ರೇಖೆಯಿಂದ ಲೆಕ್ಕ ಹಾಕಿ ಕಟ್ಟಲು ಒಪ್ಪಿಗೆ ಸಿಕ್ಕಿದ ಜಾಗ ಅಪಾಯ ರೇಖೆಯ ಕಡಲ ಬದಿಯಲ್ಲಿಯೇ ಇರಬಹುದು. ಅನುಮತಿ ಸಿಕ್ಕಿತು ಎಂದರೆ ಜಾಗ ಸುರಕ್ಷಿತ ಎಂದು ತಿಳಿಯುವವರಿಗೆ ಈ ವ್ಯತ್ಯಾಸವನ್ನು ಪಂಚಾಯಿತಿಯೇ ಬಾಯಿಬಿಟ್ಟು ಹೇಳಬೇಕು. ಅಪಾಯ ರೇಖೆಯನ್ನು ಪರವಾನಗಿಯಿಂದ ಬೇರ್ಪಡಿಸಿದ್ದು ಸರಿಯಲ್ಲವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಕೊರೆತಕ್ಕೆ ಪ್ರತಿ ಮಳೆಗಾಲದ ಬೇಡಿಕೆ ಕಲ್ಲಿನ ತಡೆಗೋಡೆ. ಮನೆ ಕಳೆದುಕೊಳ್ಳುವ ಭಯದಲ್ಲಿರುವವರ ಬೇಡಿಕೆಯನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಆದರೆ ಅಲೆ ತನ್ನೊಂದಿಗೆ ತೀರದುದ್ದಕ್ಕೂ ಮರಳನ್ನು ಸಾಗಿಸುತ್ತದೆ. ಒಂದು ಕಡೆ ಗೋಡೆ ಬಂದರೆ ಅದರ ಕೊನೆಯಾಚೆಗಿನ ದಂಡೆಗೆ ಮರಳಿನ ಪಾಲು ತಪ್ಪಿ ಕೊರೆತ ಅಲ್ಲಿ ಶುರುವಾಗುತ್ತದೆ. ಮಂಗಳೂರು ಬಳಿಯ ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಯೋಜನೆಯಡಿ ಗೋಡೆಯೊಂದನ್ನೇ ನೆಚ್ಚದೆ ಕಡಲೊಳಗೆ ರೀಫ್‌ಗಳನ್ನು, ಅಂದರೆ ನೀರಿನಡಿಯ ತಡೆದಿಬ್ಬಗಳನ್ನು, ಕಟ್ಟಿದ್ದರ ಹಿಂದೆ ಅಲೆಯ ಬಲವನ್ನು ದಡದಿಂದ ದೂರದಲ್ಲೇ ತಗ್ಗಿಸುವ ಈ ಯೋಚನೆಯಿತ್ತು. ಎರಡು ರೇಖೆಗಳ ನಡುವೆ ಬಂಡೆ ಸುರಿಯುವುದು 1ಬಿ ವರ್ಗದೊಳಗಿನ ಕಾಮಗಾರಿ, ಆದ್ದರಿಂದ ಅದಕ್ಕೂ ಸಿಆರ್‌ಝಡ್ ಅನುಮತಿ ಬೇಕು. ತುರ್ತು ಕಾಮಗಾರಿ ಎಂಬ ಶಿರೋನಾಮೆಯ ಕಡತ ಪಂಚಾಯಿತಿಗೆ ಬಂದಾಗ ಆ ಅನುಮತಿಯ ಪ್ರತಿ ಜೊತೆಗಿದೆಯೇ, ಗೋಡೆಯ ಎರಡೂ ತುದಿಗಳಾಚೆ ಯಾರ ಮನೆಗಳಿವೆ ಎಂಬುದನ್ನು ಸದಸ್ಯರು ಕೇಳಬಹುದು. ಕೇಳುವ ಅಧಿಕಾರ ಅವರಿಗಿದೆ.