ಲೆಕ್ಕ ಕೇಳಲು ಹೊರಟ ವಕೀಲ: ಫಿರೋಜ್‌ಶಾ ಮೆಹ್ತಾ

ಸಭಾತ್ಯಾಗ ಈಗ ನಮಗೆ ಮಾಮೂಲಿ ಸುದ್ದಿ. ಆದರೆ 1901ರಲ್ಲಿ ಬಾಂಬೆ ಶಾಸನ ಸಭೆಯಿಂದ ಫಿರೋಜ್‌ಶಾ ಮೆಹ್ತಾ ಎದ್ದು ಹೊರನಡೆದಾಗ ಸರ್ಕಾರ ದಂಗಾಯಿತು. ಅಲ್ಲಿಗೆ ತಲುಪಲು ಅವರಿಗೆ ಮೂವತ್ತು ವರ್ಷ ಹಿಡಿಯಿತು.

ಮುಂಬೈಯ ಪಾರ್ಸಿ ಮನೆತನದಲ್ಲಿ 1845ರಲ್ಲಿ ಹುಟ್ಟಿದ ಮೆಹ್ತಾ 1868ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದರು. ಊರಿಗೆ ಬಂದು ವಕೀಲಿ ಶುರು ಮಾಡಿದ ಹೊಸತರಲ್ಲೇ ಮುನ್ಸಿಪಾಲಿಟಿಯ ಗಲಾಟೆ ಎದ್ದಿತು. ಕಮಿಷನರ್ ಆರ್ಥರ್ ಕ್ರಾಫರ್ಡ್ ಸಿಕ್ಕಾಪಟ್ಟೆ ಖರ್ಚು ಮಾಡಿದ್ದಾರೆಂದು ಜನರಿಗೆ ಸಿಟ್ಟು. ಮೆಹ್ತಾ ಮಾತ್ರ ಕ್ರಾಫರ್ಡ್ ಪರ ನಿಂತರು. ಒಬ್ಬ ಅಧಿಕಾರಿಯನ್ನು ಬೈದರೆ ಏನೂ ಸರಿಹೋಗದು, ಲೆಕ್ಕ ಕೇಳಲು ತೆರಿಗೆ ಕಟ್ಟುವವರೇ ಆರಿಸಿದ ಸದಸ್ಯರು ಬೇಕು ಎಂದು ವಾದಿಸಿದರು. 1872ರ ಕಾಯ್ದೆ ಮುನ್ಸಿಪಾಲಿಟಿಯ 64 ಸದಸ್ಯರಲ್ಲಿ ಅರ್ಧ ಜನರನ್ನು ತೆರಿಗೆದಾರರೇ ಆರಿಸಲು ಅವಕಾಶ ಕೊಟ್ಟಿತು. ಅವರ ಮುಂದಿನ ಕೆಲಸಕ್ಕೆಲ್ಲ ಬೇರು ಇಲ್ಲೇ ಇದೆ ಅನಿಸುತ್ತದೆ.

1887ರಲ್ಲಿ ಅವರು ಬಾಂಬೆ ಶಾಸನ ಸಭೆಗೆ ನೇಮಕವಾದರು. ಆಗ ಅಲ್ಲಿ ಮುಂದಿಟ್ಟ ಮಸೂದೆಯ ಬಗ್ಗೆ ಮಾತಾಡಬಹುದಿತ್ತು, ಅಷ್ಟೇ. ಪ್ರಶ್ನೆ ಕೇಳಲು, ಬಜೆಟ್ ಚರ್ಚಿಸಲು ದಾರಿ ಸಿಕ್ಕಿದ್ದು 1892ರ ಕಾಯ್ದೆಯಿಂದ. ನಂತರ ಇಡೀ ಬ್ರಿಟಿಷ್ ಭಾರತಕ್ಕೆ ಕಾನೂನು ಮಾಡುತ್ತಿದ್ದ ವೈಸರಾಯ್ ಶಾಸನ ಸಭೆಗೂ ಹೋದ ಮೆಹ್ತಾ, 1895ರಲ್ಲಿ ಪೊಲೀಸ್ ಮಸೂದೆಯನ್ನು ಹಿಗ್ಗಾಮುಗ್ಗಾ ಟೀಕಿಸಿದರು. ಸಭೆಗೆ ಹೊಸ ಧೋರಣೆಯೊಂದು ನುಗ್ಗಿದೆ ಎಂದು ಹಣಕಾಸು ಸದಸ್ಯ ಜೇಮ್ಸ್ ವೆಸ್ಟ್‌ಲ್ಯಾಂಡ್ ಸಿಡಿಮಿಡಿಗೊಂಡರು.

ಬಾಂಬೆ ಸಭೆಯಲ್ಲಿ ನಡೆದ 1901ರ ಜಗಳ ಭೂಕಂದಾಯದ್ದು. ಬರಗಾಲದಲ್ಲಿ ಕಂದಾಯ ಕಟ್ಟಲಾಗದೆ ರೈತರು ಕಳೆದುಕೊಂಡ ಜಮೀನನ್ನು, ಮಾರುವ ಅಥವಾ ಅಡವಿಡುವ ಹಕ್ಕಿಲ್ಲದೆ ಮರಳಿ ಕೊಡಲು ಸರ್ಕಾರ ಹೊರಟಿತ್ತು. ಸಾಹುಕಾರರಿಂದ ರೈತರನ್ನು ಉಳಿಸುತ್ತೇವೆ ಎಂಬುದು ಅದರ ಸಮರ್ಥನೆ. ಅಡವಿಡಲು ಜಮೀನಿಲ್ಲದವನಿಗೆ ಬೀಜಕ್ಕೆ ಸಾಲ ಕೊಡುವವರು ಯಾರು? ಆಗ ಬಾಂಬೆ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ರೈತರಿಗೂ ಇದು ಬದುಕಿನ ಪ್ರಶ್ನೆಯೇ ಆಗಿತ್ತು. ಅವಸರ ಬೇಡ, ಮೊದಲು ಅಭಿಪ್ರಾಯ ಕೇಳಿ ಎಂಬ ಮೆಹ್ತಾ ಸೂಚನೆ ಬಿದ್ದುಹೋಯಿತು. ಅವರು ಹೊರನಡೆದರು. ಜೊತೆಗೆ ಗೋಪಾಲಕೃಷ್ಣ ಗೋಖಲೆ ಮತ್ತಿತರರೂ ಹೋದರು.

ಮಸೂದೆ ಹೇಗೂ ಪಾಸಾಯಿತು. ಅದೇ ವರ್ಷ ಮೆಹ್ತಾ ವೈಸರಾಯ್ ಸಭೆಯ ಸ್ಥಾನ ಬಿಟ್ಟರು. ಅಲ್ಲಿಗೆ ಬಂದವರು ಗೋಖಲೆ. 1902ರ ಬಜೆಟ್ ಚರ್ಚೆಯಲ್ಲಿ, ಜನ ಬರದಲ್ಲಿ ನರಳುತ್ತಿರುವಾಗ ಖಜಾನೆಯಲ್ಲಿ ಹಣ ಮಿಕ್ಕಿದ್ದು ಹೇಗೆ ಎಂದು ಅವರು ಸರ್ಕಾರದ ಲೆಕ್ಕವನ್ನೇ ಬಿಡಿಸಿ ತೋರಿಸಿದರು.