ಮೊದಲು ಎದ್ದು ನಿಂತದ್ದು ಎಲ್ಲಿ, ನೆಲದ ಮೇಲೋ ಕೊಂಬೆಯ ಮೇಲೋ?

ಚಿಂಪಾಂಜಿ ಎರಡು ಕಾಲಿನ ಮೇಲೆ ನಡೆಯುವುದನ್ನು ಗಮನವಿಟ್ಟು ನೋಡಿದವರಿಗೆ ಅದು ಪಡುವ ಪಾಡು ಕೂಡಲೇ ಕಾಣುತ್ತದೆ. ಮಂಡಿ ನೆಟ್ಟಗಾಗುವುದಿಲ್ಲ, ಸೊಂಟವೂ ಬಾಗಿಯೇ ಇರುತ್ತದೆ. ಒಂದು ಕಾಲನ್ನು ಎತ್ತಿದೊಡನೆ ಮೈಭಾರವೆಲ್ಲ ಇನ್ನೊಂದರ ಮೇಲೆ ವಾಲುವುದರಿಂದ ಹೆಜ್ಜೆಹೆಜ್ಜೆಗೂ ದೇಹ ಎಡಬಲಕ್ಕೆ ತೂಗಾಡುತ್ತದೆ. ಸ್ವಲ್ಪ ದೂರ ಹೀಗೆ ಸಾಗಿ, ಕೈಯಲ್ಲಿದ್ದುದನ್ನು ಇಳಿಸಿದ ಮೇಲೆ ಅದು ಮತ್ತೆ ಕೈಬೆರಳುಗಳನ್ನು ಮಡಿಚಿ, ಗೆಣ್ಣುಗಳನ್ನು ನೆಲಕ್ಕೂರಿ ತನ್ನ ಸಹಜ ನಡಿಗೆಗೆ ಮರಳುತ್ತದೆ.

ಈ ತೂಗಾಟದ ಕಾರಣವನ್ನು ಓದುಗರು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಳ್ಳಬಹುದು. ನೇರವಾಗಿ ನಿಂತು, ಬಲ ಸೊಂಟದ ಪಕ್ಕಕ್ಕೆ ಅಂಗೈಯನ್ನು ಒತ್ತಿ ಹಿಡಿದು ಎಡಗಾಲನ್ನು ನೆಲದಿಂದ ಎತ್ತಿದರೆ, ಅಂಗೈಯ ಕೆಳಗೆ ಸ್ನಾಯುವೊಂದು ಬಿಗಿಯುವುದು ತಿಳಿಯುತ್ತದೆ. ಆ ಸ್ನಾಯು ಸೊಂಟವನ್ನು ಪಕ್ಕದಿಂದ ಹಿಡಿದು ನಿಲ್ಲಿಸುವುದರಿಂದಲೇ ನಾವು ಒಂಟಿಗಾಲಿನಲ್ಲಿ ವಾಲದೆ ನಿಲ್ಲುತ್ತೇವೆ. ಮನುಷ್ಯನ ಸೊಂಟದ ಮೂಳೆ ಗಿಡ್ಡವಾಗಿ, ಅಗಲವಾಗಿ, ಬೋಗುಣಿಯ ಅಂಚಿನಂತೆ ಪಕ್ಕಕ್ಕೆ ತಿರುಗಿರುವುದೇ ಇದಕ್ಕೆ ಆಧಾರ. ಚಿಂಪಾಂಜಿಯ ಸೊಂಟದ ಮೂಳೆಯಾದರೋ ಉದ್ದವಾಗಿ, ಚಪ್ಪಟೆಯಾಗಿ, ಬೆನ್ನಿಗೆ ಅಂಟಿಸಿಟ್ಟಂತಿದೆ. ಅದೇ ಸ್ನಾಯು ಅಲ್ಲಿ ಹಿಂಭಾಗದಲ್ಲಿದ್ದು, ತೊಡೆಯನ್ನು ಹಿಂದಕ್ಕೆ ಸೆಳೆಯುವ ಕೆಲಸ ಮಾಡುತ್ತದೆ. ನಮ್ಮ ತೊಡೆಮೂಳೆ ಸೊಂಟದಿಂದ ಒಳಮುಖವಾಗಿ ಓರೆಯಾಗಿ ಇಳಿದು ಮಂಡಿಗಳನ್ನು ದೇಹದ ನಡುವಿಗೆ ತಂದರೆ, ಚಿಂಪಾಂಜಿಯದು ಹೆಚ್ಚುಕಡಿಮೆ ನೇರವಾಗಿ ಇಳಿದು ಪಾದಗಳನ್ನು ಅಗಲಿಸಿ ಇಡುತ್ತದೆ. ನಮ್ಮ ಕಾಲಿನ ಹೆಬ್ಬೆರಳು ಉಳಿದ ಬೆರಳುಗಳ ಸಾಲಿಗೆ ಸೇರಿ ನೆಲವನ್ನು ತಳ್ಳಲು ಒದಗುತ್ತದೆ. ಅದರದು ಬೇರೆಯಾಗಿ ಚಾಚಿಕೊಂಡು ಕೊಂಬೆಯನ್ನು ಹಿಡಿಯಲು ಒದಗುತ್ತದೆ.

ಹೀಗಿರುವ ಪ್ರಾಣಿ ಹೇಗೆ ನಮ್ಮಂತಾಯಿತು ಎಂಬುದು ಒಂದೂವರೆ ಶತಮಾನದಿಂದ ಕೇಳುತ್ತ ಬಂದಿರುವ ಪ್ರಶ್ನೆ. ಪ್ರಶ್ನೆಯನ್ನು ಹೀಗೆ ಕೇಳಿದ್ದರಲ್ಲಿಯೇ ಒಂದು ತಪ್ಪು ಅಡಗಿತ್ತೆಂಬುದು ಈಚಿನ ಕೆಲವು ದಶಕಗಳಲ್ಲಷ್ಟೇ ನಿಚ್ಚಳವಾಗುತ್ತಿದೆ. 'ಮಂಗನಿಂದ ಮಾನವ' ಎಂಬ ಮಾತಿನ ಜೊತೆಗೆ ನಮ್ಮ ಮನಸ್ಸಿನಲ್ಲಿ ಕೂತಿರುವ ಚಿತ್ರದಲ್ಲಿ ಎಡತುದಿಯಲ್ಲಿ ಗೆಣ್ಣೂರಿದ ಚಿಂಪಾಂಜಿ, ನಡುವೆ ಬೆನ್ನು ಬಾಗಿದ ಒಂದಿಬ್ಬರು, ಬಲತುದಿಯಲ್ಲಿ ಈಟಿ ಹಿಡಿದು ನೆಟ್ಟಗೆ ನಡೆಯುವ ಗಂಡಸು ಇರುತ್ತಾರೆ. ಚಿಂಪಾಂಜಿ ನಮ್ಮ ಪೂರ್ವಜನಲ್ಲ, ದಾಯಾದಿ. ನಮ್ಮ ವಂಶ ಅದರ ವಂಶದಿಂದ ಬೇರೆಯಾಗಿ ಎಷ್ಟು ಲಕ್ಷ ವರ್ಷಗಳಾದವೋ ಅಷ್ಟೇ ಲಕ್ಷ ವರ್ಷ ಅದೂ ಬದಲಾಗಿದೆ. ಇದನ್ನು ಬಾಯಲ್ಲಿ ಎಲ್ಲ ವಿಜ್ಞಾನಿಗಳೂ ಒಪ್ಪುತ್ತಿದ್ದರು, ಆದರೆ ವಾದ ಕಟ್ಟುವಾಗ ಹಲವರು ಮರೆಯುತ್ತಿದ್ದರು.

1871ರಲ್ಲಿ ಚಾರ್ಲ್ಸ್ ಡಾರ್ವಿನ್ ಮನುಷ್ಯನ ವಂಶಾವಳಿಯ ಕುರಿತು ಬರೆದಾಗ ಅವರ ಮುಂದೆ ಆಫ್ರಿಕಾದ ಪಳೆಯುಳಿಕೆ ಒಂದೂ ಇರಲಿಲ್ಲ. ಗೊರಿಲ್ಲಾ, ಚಿಂಪಾಂಜಿಗಳು ಅಲ್ಲಿರುವುದರಿಂದ ನಮ್ಮ ಹಿರಿಯರೂ ಅಲ್ಲಿಯವರೇ ಇರಬೇಕೆಂದು ಅವರು ಊಹಿಸಿದರು, ಊಹೆ ನಿಜವಾಯಿತು. ನಡಿಗೆಯ ವಿಷಯದಲ್ಲಿ ಅವರು ಹೆಣೆದ ವಾದ ಹೀಗಿತ್ತು: ನೆಟ್ಟಗೆ ನಿಂತದ್ದರಿಂದ ಕೈಗಳು ಬಿಡುವಾದವು, ಬಿಡುವಾದ ಕೈಗಳು ಕಲ್ಲು ದೊಣ್ಣೆಗಳನ್ನು ಹಿಡಿದವು, ಆಯುಧ ಬಂದ ಮೇಲೆ ದೊಡ್ಡ ಕೋರೆಹಲ್ಲುಗಳ ಅಗತ್ಯ ಕುಗ್ಗಿತು, ಇದೆಲ್ಲದರ ಜೊತೆಗೆ ಮಿದುಳೂ ಬೆಳೆಯಿತು. ಒಂದನ್ನೊಂದು ಹಿಡಿದೆಳೆಯುವ ಸರಪಳಿಯಂತಿದ್ದ ಈ ವಾದ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಮುಂದಿನ ನೂರು ವರ್ಷ ಯಾರಿಗೆ ಅದರ ಒಂದು ಕೊಂಡಿ ಸಿಕ್ಕರೂ ಉಳಿದ ಕೊಂಡಿಗಳೂ ಸಿಕ್ಕಿದಂತೆಯೇ ಎಂದು ಭಾವಿಸುವುದು ರೂಢಿಯಾಯಿತು.

ಆ ರೂಢಿಯ ದೊಡ್ಡ ಬಲಿ ನಮ್ಮ ಶಿವಾಲಿಕ್ ಬೆಟ್ಟಗಳಲ್ಲೇ ಸಿಕ್ಕ ರಾಮಾಪಿಥೆಕಸ್. 1932ರಲ್ಲಿ ಅಮೆರಿಕದ ಎಡ್ವರ್ಡ್ ಲೂಯಿಸ್ ಈಗಿನ ಹಿಮಾಚಲ ಪ್ರದೇಶದ ಹರಿತಲ್ಯಾಂಗರ್ ಬಳಿ ಮೇಲ್ದವಡೆಯ ಒಂದು ತುಣುಕನ್ನು ಪಡೆದು ಅದಕ್ಕೆ ರಾಮನ ಹೆಸರಿಟ್ಟರು. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಡೇವಿಡ್ ಪಿಲ್‌ಬೀಮ್ ಇಂತಹ ತುಣುಕುಗಳನ್ನು ಮತ್ತೆ ಪರಿಶೀಲಿಸಿ, ಕೋರೆಹಲ್ಲು ಚಿಕ್ಕದಿರುವುದರಿಂದ ಇದು ಮನುಷ್ಯವಂಶದ ಆದಿಪುರುಷನೇ ಎಂದರು. ಕೋರೆ ಚಿಕ್ಕದಾಗಿದ್ದರೆ ಆಯುಧವಿದ್ದಿರಬೇಕು, ಆಯುಧವಿದ್ದರೆ ಕೈ ಬಿಡುವಾಗಿರಬೇಕು, ಕೈ ಬಿಡುವಾಗಿದ್ದರೆ ಎರಡು ಕಾಲಿನಲ್ಲಿ ನಡೆದಿರಬೇಕು. ಹೀಗೆ ಸುಮಾರು 1.4 ಕೋಟಿ ವರ್ಷ ಹಿಂದಿನ ಒಂದು ಪ್ರಾಣಿ, ಅದರ ಕಾಲಿನ ಮೂಳೆ ಒಂದೂ ಸಿಗದೆಯೇ, ಪುಸ್ತಕಗಳಲ್ಲಿ ಎದ್ದು ನಡೆಯತೊಡಗಿತು.

ಅದನ್ನು ಕೂರಿಸಿದ್ದು ರಕ್ತದ ಪರೀಕ್ಷೆ. 1967ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ರಕ್ತದಲ್ಲಿನ ಆಲ್ಬ್ಯುಮಿನ್ ಪ್ರೋಟೀನನ್ನು ಹೋಲಿಸಿ, ಮನುಷ್ಯ ಮತ್ತು ಆಫ್ರಿಕಾದ ವಾನರಗಳು (ಚಿಂಪಾಂಜಿ, ಗೊರಿಲ್ಲಾ) ಬೇರೆಯಾಗಿ ಸುಮಾರು 50 ಲಕ್ಷ ವರ್ಷಗಳಷ್ಟೇ ಆಗಿವೆ ಎಂದರು. ಮೂಳೆ ಅಗೆಯುವವರಿಗೆ ಈ ಮಾತು ಹಿಡಿಸಲಿಲ್ಲ. ಆದರೆ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ರಾಮಾಪಿಥೆಕಸ್‌ನ ಹತ್ತಿರದ ಬಂಧು ಶಿವಾಪಿಥೆಕಸ್‌ನ ಮುಖದ ಭಾಗ ಸಿಕ್ಕಿ, 1982ರಲ್ಲಿ ಸ್ವತಃ ಪಿಲ್‌ಬೀಮ್ ಅದನ್ನು ವರ್ಣಿಸಿದಾಗ, ಅದು ಮನುಷ್ಯನ ಬದಲು ಏಷ್ಯಾದ ವಾನರವಾದ ಒರಾಂಗುಟಾನ್‌ನ ಮುಖವನ್ನು ಹೋಲುತ್ತಿತ್ತು. ತಾನೇ ಏರಿಸಿದ್ದನ್ನು ತಾನೇ ಇಳಿಸುವ ಪ್ರಾಮಾಣಿಕತೆ ವಿಜ್ಞಾನದಲ್ಲಿಯೂ ದಿನಬೆಳಗಾದರೆ ಕಾಣುವುದಲ್ಲ. ರಾಮಾಪಿಥೆಕಸ್ ಎಂಬ ಹೆಸರು ಶಿವಾಪಿಥೆಕಸ್‌ನಲ್ಲಿ ಲೀನವಾಯಿತು. ಇಷ್ಟಾದರೂ ನಮ್ಮ ಪಿಯುಸಿ ವಿದ್ಯಾರ್ಥಿಗಳು ಓದುತ್ತ ಬಂದ ಜೀವಶಾಸ್ತ್ರದ ಪಠ್ಯದಲ್ಲಿ 'ರಾಮಾಪಿಥೆಕಸ್ ಹೆಚ್ಚು ಮನುಷ್ಯನಂತಿತ್ತು' ಎಂಬರ್ಥದ ಸಾಲು ದಶಕಗಳ ನಂತರವೂ ಉಳಿದುಕೊಂಡಿತ್ತು.

ಅಗಲಿಕೆಯ ಕಾಲ ಇಷ್ಟು ಹತ್ತಿರಕ್ಕೆ ಬಂದುದರಿಂದ ಚಿಂಪಾಂಜಿಯ ಮಹತ್ವ ಒಮ್ಮೆಲೇ ಏರಿತು. ಅಷ್ಟರಲ್ಲಾಗಲೇ ತಾಂಜಾನಿಯಾದ ಟ್ಯಾಂಗನಿಕಾ ಸರೋವರದ ದಡದ ಗೊಂಬೆ ಎಂಬ ಕಾಡಿನಲ್ಲಿ ಚಿಂಪಾಂಜಿಗಳನ್ನು ಅಭ್ಯಸಿಸುತ್ತ ಜೇನ್ ಗುಡಾಲ್ ಇದ್ದರು. 1960ರ ಕೊನೆಯ ತಿಂಗಳುಗಳಲ್ಲಿ ಅವರು ಡೇವಿಡ್ ಗ್ರೇಬಿಯರ್ಡ್ ಎಂದು ಹೆಸರಿಟ್ಟಿದ್ದ ಗಂಡು ಚಿಂಪಾಂಜಿ ಹುತ್ತದ ಪಕ್ಕ ಕೂತು, ಹುಲ್ಲುಕಡ್ಡಿಯನ್ನು ರಂಧ್ರಕ್ಕೆ ತೂರಿಸಿ, ಕಚ್ಚಿ ಹಿಡಿದ ಗೆದ್ದಲುಗಳ ಸಮೇತ ಹೊರಗೆಳೆದು ತಿನ್ನುವುದನ್ನು ಕಂಡರು. ಎಲೆಗಳನ್ನು ಕಿತ್ತು ರೆಂಬೆಯನ್ನು ಕೆಲಸಕ್ಕೆ ತಕ್ಕಂತೆ ಸವರಿಕೊಳ್ಳುವುದನ್ನೂ ಕಂಡರು. ಉಪಕರಣ ಮಾಡುವವನೇ ಮನುಷ್ಯ ಎಂಬ ವ್ಯಾಖ್ಯೆ ಅಲ್ಲಿಗೆ ಮುಗಿಯಿತು. ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದ ಸಂಗತಿಯೆಂದರೆ, ಈ ಕೆಲಸಕ್ಕೆ ಚಿಂಪಾಂಜಿ ಎದ್ದು ನಿಲ್ಲಬೇಕಾಗಿರಲಿಲ್ಲ. ಕೂತಲ್ಲಿಯೇ ಕೈ ಬಿಡುವಾಗಿತ್ತು.

ಡಾರ್ವಿನ್ನರ ಸರಪಳಿಯನ್ನು ಇನ್ನೊಂದು ತುದಿಯಿಂದ ತುಂಡರಿಸಿದ್ದು ಮೂಳೆಗಳು. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್‌ನಲ್ಲಿ ಸಿಕ್ಕ ಮಗುವಿನ ತಲೆಬುರುಡೆಯಲ್ಲಿ ಬೆನ್ನುಹುರಿ ಹೊರಬರುವ ರಂಧ್ರ ಹಿಂದಕ್ಕಿರದೆ ಕೆಳಗಿತ್ತು. ಅಂದರೆ ತಲೆ ನೆಟ್ಟಗಿನ ಬೆನ್ನಿನ ಮೇಲೆ ಕೂತಿತ್ತು, ಮಿದುಳು ಮಾತ್ರ ವಾನರದಷ್ಟೇ ಇತ್ತು. ರೇಮಂಡ್ ಡಾರ್ಟ್ ಇದನ್ನು 1925ರಲ್ಲಿ ಪ್ರಕಟಿಸಿದಾಗ ಲಂಡನ್ನಿನ ಹಿರಿಯರು ತಲೆಯಾಡಿಸಲಿಲ್ಲ, ಏಕೆಂದರೆ ಅವರ ಬಳಿ ಇಂಗ್ಲೆಂಡಿನಲ್ಲೇ ಸಿಕ್ಕಿತೆನ್ನಲಾದ, ದೊಡ್ಡ ಮಿದುಳಿನ ಪಿಲ್ಟ್‌ಡೌನ್ ಮಾನವನಿದ್ದ. ಅದು ಮನುಷ್ಯನ ಬುರುಡೆಗೆ ವಾನರದ ದವಡೆ ಜೋಡಿಸಿ ಮಾಡಿದ ಮೋಸವೆಂದು 1953ರಲ್ಲಿ ಬಯಲಾಯಿತು. ಆನಂತರ 1974ರ ನವೆಂಬರ್ 24ರಂದು ಇಥಿಯೋಪಿಯಾದ ಹಾಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ತಂಡಕ್ಕೆ 32 ಲಕ್ಷ ವರ್ಷ ಹಳೆಯ, ಅಸ್ಥಿಪಂಜರದ ಸುಮಾರು ಶೇ 40 ಭಾಗ ಉಳಿದಿದ್ದ 'ಲೂಸಿ' ಸಿಕ್ಕಳು. ಮೂರೂವರೆ ಅಡಿ ಎತ್ತರದ ಈ ಹೆಣ್ಣಿನ ಸೊಂಟ ಬೋಗುಣಿಯಂತೆ ಅಗಲವಾಗಿತ್ತು, ತೊಡೆಮೂಳೆ ಒಳಕ್ಕೆ ಓರೆಯಾಗಿತ್ತು, ಆದರೆ ತೋಳು ಕಾಲಿಗೆ ಹೋಲಿಸಿದರೆ ಉದ್ದವಾಗಿತ್ತು, ಬೆರಳುಗಳು ಕೊಂಬೆ ಹಿಡಿಯುವವರ ಬೆರಳುಗಳಂತೆ ಬಾಗಿದ್ದವು.

ಲೂಸಿಯ ಜಾತಿಯವರದೆಂದು ಬಹುಮಂದಿ ಒಪ್ಪುವ ಹೆಜ್ಜೆಗುರುತುಗಳು ಸಿಕ್ಕ ಕತೆ ಸ್ವಲ್ಪ ತಮಾಷೆಯದು. 1976ರಲ್ಲಿ ತಾಂಜಾನಿಯಾದ ಲೇಟೋಲಿಯಲ್ಲಿ ಪಳೆಯುಳಿಕೆ ತಜ್ಞೆ ಮೇರಿ ಲೀಕಿಯವರ ಶಿಬಿರಕ್ಕೆ ಬಂದಿದ್ದ ವಿಜ್ಞಾನಿಗಳು ಸಂಜೆ ಹೊತ್ತು ಒಣಗಿದ ಆನೆ ಲದ್ದಿಯನ್ನು ಒಬ್ಬರ ಮೇಲೊಬ್ಬರು ಎಸೆದಾಡುತ್ತಿದ್ದರು. ತಪ್ಪಿಸಿಕೊಳ್ಳಲು ಹೋಗಿ ನೆಲಕ್ಕೆ ಬಿದ್ದ ಆಂಡ್ರ್ಯೂ ಹಿಲ್ ಅವರ ಕಣ್ಣಿಗೆ ಗಟ್ಟಿಯಾದ ಜ್ವಾಲಾಮುಖಿ ಬೂದಿಯಲ್ಲಿ ಪ್ರಾಣಿಗಳ ಹೆಜ್ಜೆಗುರುತು ಕಂಡಿತು. ಮುಂದೆ 1978ರಲ್ಲಿ ಅದೇ ಬೂದಿಯಲ್ಲಿ ಎರಡು ಕಾಲಿನವರ ಹೆಜ್ಜೆಸಾಲು ತೆರೆದುಕೊಂಡಿತು: ಹಿಮ್ಮಡಿ ಮೊದಲು ಊರಿದ, ಹೆಬ್ಬೆರಳು ಮುಂದಕ್ಕೆ ಚಾಚಿದ, 36.6 ಲಕ್ಷ ವರ್ಷ ಹಿಂದಿನ ಗುರುತುಗಳು. ಈವರೆಗೆ ತಿಳಿದಿರುವ ಅತಿ ಹಳೆಯ ಕಲ್ಲಿನ ಉಪಕರಣಗಳು ಕೆನ್ಯಾದ ಲೊಮೆಕ್ವಿಯಲ್ಲಿ ಸಿಕ್ಕ 33 ಲಕ್ಷ ವರ್ಷದವು. ಮಿದುಳು ದೊಡ್ಡದಾದದ್ದಂತೂ ಇನ್ನೂ ಬಹಳ ಈಚೆಗೆ. ನಡಿಗೆ ಮೊದಲು ಬಂತು, ಅದನ್ನು ವಿವರಿಸಲು ಕಲ್ಲನ್ನೂ ಬುದ್ಧಿಯನ್ನೂ ಕರೆತರುವಂತಿರಲಿಲ್ಲ.

ಹಾಗಾದರೆ ಏಕೆ ಎದ್ದರು? 1981ರಲ್ಲಿ ಓವೆನ್ ಲವ್‌ಜಾಯ್ ಗಂಡು ತನ್ನ ಹೆಣ್ಣಿಗೂ ಮರಿಗೂ ಆಹಾರ ಹೊತ್ತು ತರಲೆಂದು ಎಂದರು. ಬಯಲಿನ ಬಿಸಿಲು ಮೈಗೆ ಕಡಿಮೆ ತಾಗಲೆಂದು ಪೀಟರ್ ವ್ಹೀಲರ್ ಎಂದರು. ಎತ್ತರದ ಹುಲ್ಲಿನಾಚೆ ನೋಡಲೆಂಬ ವಾದವೂ ಇತ್ತು. ಕಾಡು ಕುಗ್ಗಿ ಹುಲ್ಲುಗಾವಲು ಹರಡಿತು, ಮರದಿಂದಿಳಿದವರು ನೆಲದ ಮೇಲೆ ಎದ್ದರು ಎಂಬುದನ್ನು ಹೆಚ್ಚಿನವರು ಪ್ರಶ್ನಿಸಲೇ ಇಲ್ಲ. ಇವೆಲ್ಲ ಕೋಣೆಯಲ್ಲಿ ಕೂತು ಕಟ್ಟಬಹುದಾದ ವಾದಗಳಾಗಿದ್ದವು. ಚಿಂಪಾಂಜಿ ನಿಜವಾಗಿ ಯಾವಾಗ ಎದ್ದು ನಿಲ್ಲುತ್ತದೆ ಎಂದು ಲೆಕ್ಕವಿಟ್ಟವರು ವಿರಳ.

ಲೆಕ್ಕವಿಟ್ಟವರಲ್ಲಿ ಕೆವಿನ್ ಹಂಟ್ ಒಬ್ಬರು. ಗೊಂಬೆ ಮತ್ತು ಅದರ ದಕ್ಷಿಣಕ್ಕಿರುವ ಮಹಾಲೆಯಲ್ಲಿ ಅವರು ಕಂಡ ಎರಡು ಕಾಲಿನ ನಿಲುವುಗಳಲ್ಲಿ ಸುಮಾರು ಶೇ 80ರಷ್ಟು ತಿನ್ನುವ ಹೊತ್ತಿನವು. ಗಿಡ್ಡ ಮರದ ಸಣ್ಣ ಹಣ್ಣುಗಳನ್ನು ಕೀಳಲು ಚಿಂಪಾಂಜಿ ಎದ್ದು, ಹಲವು ಸಲ ಒಂದು ಕೈಯಿಂದ ಮೇಲಿನ ಕೊಂಬೆಗೆ ಜೋತು, ಇನ್ನೊಂದರಿಂದ ಹಣ್ಣು ಬಿಡಿಸಿ ಬಾಯಿಗಿಡುತ್ತ, ನಿಂತಲ್ಲಿಂದಲೇ ಒಂದೆರಡು ಹೆಜ್ಜೆ ಸರಿಯುತ್ತದೆ. ಎದ್ದು ನಿಲ್ಲುವುದು ನಡೆಯುವುದಕ್ಕಾಗಿ ಅಲ್ಲ, ತಿನ್ನುವುದಕ್ಕಾಗಿ ಶುರುವಾಯಿತೆಂದು 1994ರಲ್ಲಿ ಹಂಟ್ ವಾದಿಸಿದರು. ಗಿನಿ ದೇಶದ ಬೊಸ್ಸೂನಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗ ಇನ್ನೊಂದು ಸಂದರ್ಭವನ್ನು ತೋರಿಸಿತು. ಅಲ್ಲಿ ಸಹಜವಾಗಿ ಸಿಗದ ಕೂಲಾ ಕಾಯಿಗಳನ್ನು ಸಂಶೋಧಕರು ಒಂದಿಷ್ಟು ಇಟ್ಟಾಗ, ಇನ್ನೊಬ್ಬರ ಪಾಲಾಗುವ ಮೊದಲು ಬಾಚಿಕೊಳ್ಳಬೇಕೆಂಬ ಆತುರದಲ್ಲಿ ಚಿಂಪಾಂಜಿಗಳು ಕೈತುಂಬ ಕಾಯಿ ಹಿಡಿದು ಎರಡು ಕಾಲಿನಲ್ಲಿ ಹೊರಟವು. ಅಂತಹ ನಡಿಗೆ ಎಂದಿನ ನಾಲ್ಕು ಪಟ್ಟಾಯಿತು.

2007ರಲ್ಲಿ ಅಮೆರಿಕದ ಮೂವರು ಸಂಶೋಧಕರು ಐದು ಚಿಂಪಾಂಜಿಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಅವು ಬಳಸಿದ ಆಮ್ಲಜನಕವನ್ನು ಅಳೆದರು. ಮನುಷ್ಯನ ನಡಿಗೆಗೆ ತಗಲುವ ಶಕ್ತಿ ಚಿಂಪಾಂಜಿಯದರ ಕಾಲುಭಾಗದಷ್ಟೇ ಎಂಬ ಫಲಿತಾಂಶ ಹೆಚ್ಚು ಪ್ರಚಾರ ಪಡೆಯಿತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಐದು ಪ್ರಾಣಿಗಳ ನಡುವಿನ ವ್ಯತ್ಯಾಸ. ಮೂರಕ್ಕೆ ನಾಲ್ಕು ಕಾಲಿನ ನಡಿಗೆಗಿಂತ ಎರಡು ಕಾಲಿನದು ದುಬಾರಿಯಾಗಿತ್ತು, ಒಂದಕ್ಕೆ ಎರಡೂ ಸಮವಾಗಿದ್ದವು, ಇನ್ನೊಂದಕ್ಕೆ ಎರಡು ಕಾಲೇ ಅಗ್ಗವಾಗಿತ್ತು. ಹೆಜ್ಜೆಯ ಉದ್ದದಲ್ಲಿ, ಕಾಲು ಬಾಗುವ ಪ್ರಮಾಣದಲ್ಲಿ ಇರುವ ಸಣ್ಣ ಭೇದವೇ ಇಷ್ಟು ಅಂತರ ತರುವುದಾದರೆ, ನೈಸರ್ಗಿಕ ಆಯ್ಕೆಗೆ ಬೇಕಾದ ಕಚ್ಚಾ ಸಾಮಗ್ರಿ ಒಂದೇ ಗುಂಪಿನೊಳಗೆ ಮೊದಲಿನಿಂದಲೂ ಇತ್ತೆಂದಾಯಿತು. ಮೂಳೆ ಬದಲಾಗುವುದಕ್ಕೆ ಕಾಯದೆ ಪ್ರಾಣಿ ಎದ್ದು ನಿಲ್ಲುತ್ತದೆ. ನಿಂತದ್ದರಿಂದ ಹೊಟ್ಟೆ ತುಂಬಿದರೆ ಮೂಳೆ ತಲೆಮಾರುಗಳ ಹಿಂದೆ ಹಿಂದೆ ಬರುತ್ತದೆ.

ಉಳಿದದ್ದು ಎಲ್ಲಿ ನಿಂತಿತು ಎಂಬುದು. ಅದೇ 2007ರಲ್ಲಿ ಸುಸಾನಾ ಥಾರ್ಪ್ ಮತ್ತು ಸಂಗಡಿಗರು ಸುಮಾತ್ರಾದ ಒರಾಂಗುಟಾನ್‌ಗಳು ಬಳುಕುವ ತೆಳು ಕೊಂಬೆಗಳ ಮೇಲೆ, ಮೇಲಿನ ಕೊಂಬೆಯನ್ನು ಕೈಯಲ್ಲಿ ಹಿಡಿದು, ಮಂಡಿ ನೆಟ್ಟಗಿಟ್ಟು ಎರಡು ಕಾಲಿನಲ್ಲಿ ಸಾಗುವುದನ್ನು ವಿವರಿಸಿದರು. ನಮ್ಮ ಅಸ್ಸಾಮಿನ ಕಾಡುಗಳ ಹೂಲಾಕ್ ಗಿಬ್ಬನ್ ಕೂಡ ದಪ್ಪ ಕೊಂಬೆಯ ಮೇಲೆ ಕೈಯೆತ್ತಿ ಎರಡೇ ಕಾಲಿನಲ್ಲಿ ಓಡುತ್ತದೆ. 2009ರಲ್ಲಿ ಟಿಮ್ ವೈಟ್ ತಂಡ ಇಥಿಯೋಪಿಯಾದ 44 ಲಕ್ಷ ವರ್ಷ ಹಳೆಯ 'ಆರ್ಡಿ'ಯ ಅಸ್ಥಿಪಂಜರವನ್ನು ವರ್ಣಿಸಿದಾಗ, ಅದರ ಸೊಂಟದ ಮೇಲ್ಭಾಗ ನೆಟ್ಟಗೆ ನಡೆಯುವವರದಾಗಿಯೂ ಕಾಲಿನ ಹೆಬ್ಬೆರಳು ಕೊಂಬೆ ಹಿಡಿಯುವವರದಾಗಿಯೂ ಕಂಡಿತು. ಕೈಯಲ್ಲಿ ಗೆಣ್ಣೂರಿದ ಲಕ್ಷಣವಿರಲಿಲ್ಲ, ವಾಸಸ್ಥಳ ಬಯಲಾಗಿರದೆ ಮರಗಳಿದ್ದ ನಾಡಾಗಿತ್ತು. ಅದೇ ವರ್ಷ ಟ್ರೇಸಿ ಕಿವೆಲ್ ಮತ್ತು ಡೇನಿಯಲ್ ಶ್ಮಿಟ್ ಮಣಿಕಟ್ಟಿನ ಮೂಳೆಗಳನ್ನು ಹೋಲಿಸಿ, ಗೊರಿಲ್ಲಾ ಮತ್ತು ಚಿಂಪಾಂಜಿಗಳು ಗೆಣ್ಣುನಡಿಗೆಯನ್ನು ಬೇರೆಬೇರೆಯಾಗಿ ಪಡೆದಿರಬೇಕೆಂದರು. ಅದು ನಿಜವಾದರೆ ಚಿತ್ರದ ಎಡತುದಿಯಲ್ಲಿ ಚಿಂಪಾಂಜಿಯನ್ನು ನಿಲ್ಲಿಸುವುದಕ್ಕೆ ಆಧಾರವೇ ಇಲ್ಲ. ಚಿಂಪಾಂಜಿಯ ಪಳೆಯುಳಿಕೆಯೆಂದು ಖಚಿತವಾಗಿ ಗುರುತಿಸಿ 2005ರಲ್ಲಿ ಪ್ರಕಟಿಸಿದ್ದು ಕೆನ್ಯಾದ, ಸುಮಾರು 5 ಲಕ್ಷ ವರ್ಷ ಹಳೆಯ, ಕೆಲವೇ ಹಲ್ಲುಗಳು. ಅದರ ಹಿರಿಯರು ಹೇಗೆ ನಡೆದರೆಂದು ಹಲ್ಲು ಹೇಳುವುದಿಲ್ಲ.

ಹುಲ್ಲುಗಾವಲಿನ ವಾದವನ್ನು ಜೀವಂತ ಚಿಂಪಾಂಜಿಗಳ ಮೇಲೆ ನೇರವಾಗಿ ಪರೀಕ್ಷಿಸಿದ್ದು ತಾಂಜಾನಿಯಾದ ಪಶ್ಚಿಮ ಭಾಗದಲ್ಲೇ ಇರುವ ಇಸ್ಸಾ ಕಣಿವೆಯಲ್ಲಿ. ಅಲ್ಲಿ ಒಣ ಬಯಲು, ವಿರಳ ಮರಗಳ ನಾಡು, ಹೊಳೆಬದಿಯ ದಟ್ಟ ಕಾಡು ಒಂದರ ಪಕ್ಕ ಒಂದಿವೆ; ನಮ್ಮ ಹಿರಿಯರ ಪರಿಸರವೂ ಹೆಚ್ಚುಕಡಿಮೆ ಹೀಗೆಯೇ ಇತ್ತೆಂದು ಊಹೆ. 13 ವಯಸ್ಕ ಚಿಂಪಾಂಜಿಗಳನ್ನು 15 ತಿಂಗಳು ಹಿಂಬಾಲಿಸಿ, 13,700ಕ್ಕೂ ಹೆಚ್ಚು ಸಲ ಅವುಗಳ ಭಂಗಿಯನ್ನು ದಾಖಲಿಸಿ, 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಫಲಿತಾಂಶ ನಿರೀಕ್ಷೆಗೆ ತಿರುಗಿ ನಿಂತಿತು. ಮರ ಕಡಿಮೆಯಿದ್ದರೂ ಅವು ದಟ್ಟ ಕಾಡಿನ ಚಿಂಪಾಂಜಿಗಳಷ್ಟೇ ಹೊತ್ತು ಮರದ ಮೇಲಿದ್ದವು. ಎರಡು ಕಾಲಿನ ನಿಲುವು ಮತ್ತು ನಡಿಗೆಯಲ್ಲಿ ಶೇ 85ಕ್ಕೂ ಹೆಚ್ಚು ಕೊಂಬೆಗಳ ಮೇಲೆಯೇ ನಡೆದಿತ್ತು. ಇದರಿಂದ ನಮ್ಮ ಹಿರಿಯರೂ ಮರದ ಮೇಲೆಯೇ ಎದ್ದರೆಂದು ಸಿದ್ಧವಾಗುವುದಿಲ್ಲ. ಚಿಂಪಾಂಜಿ ಪೂರ್ವಜನಲ್ಲವೆಂಬ ಎಚ್ಚರ ಈ ಫಲಿತಾಂಶಕ್ಕೂ ಅನ್ವಯಿಸುತ್ತದೆ. ಆದರೆ ಮರ ವಿರಳವಾದ ಮಾತ್ರಕ್ಕೆ ವಾನರ ನೆಲಕ್ಕಿಳಿದು ಎದ್ದೇ ತೀರುತ್ತದೆಂಬ ನಂಬಿಕೆ ಇನ್ನು ನಿಲ್ಲದು.

ಮೂಳೆಗಳ ಕಡೆಯಿಂದ ಈಗ ಅತಿ ಹಿಂದಿನ ಸಾಕ್ಷಿ ಚಾಡ್ ದೇಶದ್ದು. ಅಲ್ಲಿನ ಟೋರೋಸ್-ಮೆನಾಲ್ಲಾದಲ್ಲಿ 2001ರಲ್ಲಿ, ಸುಮಾರು 70 ಲಕ್ಷ ವರ್ಷ ಹಳೆಯದೆಂದು ಗುರುತಿಸಿದ 'ತೂಮಾಯ್' ತಲೆಬುರುಡೆ ಸಿಕ್ಕ ಜಾಗದಲ್ಲಿಯೇ ಒಂದು ತೊಡೆಮೂಳೆಯೂ ಎರಡು ಮುಂಗೈ ಮೂಳೆಗಳೂ ದೊರೆತಿದ್ದವು. ಅವುಗಳ ವಿವರಣೆ ಹೊರಬಂದದ್ದು ಎರಡು ದಶಕಗಳ ನಂತರ, 2022ರಲ್ಲಿ. ವಿವರಿಸಿದವರು ಇದು ನೆಲದ ಮೇಲೆ ಎರಡು ಕಾಲಿನಲ್ಲಿ ನಡೆದು, ಮರವನ್ನೂ ಹತ್ತಿದ ಪ್ರಾಣಿಯದೆನ್ನುತ್ತಾರೆ. ಅದೇ ಮೂಳೆಯನ್ನು ನೋಡಿದ ಇತರರು ಇದರಲ್ಲಿ ವಾನರಕ್ಕಿಂತ ಬೇರೆಯಾದದ್ದೇನೂ ಇಲ್ಲವೆನ್ನುತ್ತಾರೆ. ಆ ತೊಡೆಮೂಳೆಯ ಎರಡೂ ತುದಿಗಳು ಮುರಿದುಹೋಗಿವೆ. ಸೊಂಟಕ್ಕೆ ಸೇರುವ ಗುಂಡೂ ಇಲ್ಲ, ಮಂಡಿಗೆ ಸೇರುವ ಗಂಟೂ ಇಲ್ಲ, ನಡುವಿನ ದಂಡ ಮಾತ್ರ ಉಳಿದಿದೆ.